20 ಕೆಜಿ ದಾಟಿದ್ದಕ್ಕೆ ಮಗಳ ಮಾತ್ರೆ ಬದಲಾಯಿಸಿದ್ದಾರೆ, ಕೊಡೋಕೆ ಕೈ ಬರ್ತಿಲ್ಲ

ಹೊಲಿಗೆಮಷಿನ್ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಹೆಸರು ಬೇಡ, ಬ್ಲೌಸ್ ಹೊಲಿಯುತ್ತೇನೆ ಅಂತ ಗೊತ್ತಿದ್ದರೆ ಸಾಕು.

ನಾನು ಸಾಕುತ್ತಿರುವ ಮಗಳು ನನ್ನ ಅಕ್ಕನ ಮಗಳು. ಈಗ ಏಳೂವರೆ ವರ್ಷ, ಎರಡನೇ ಕ್ಲಾಸು. ಅಕ್ಕ ಟಿಬಿಯಲ್ಲಿ ತೀರಿಕೊಂಡಾಗ ಇವಳಿಗೆ 11 ತಿಂಗಳು. ಭಾವ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಕನಿಗೆ ಎಚ್‌ಐವಿ ಇತ್ತು ಅಂತ ನಮಗೆ ಗೊತ್ತಾಗಿದ್ದು ಕೊನೇ ತಿಂಗಳಲ್ಲಿ. ಹೆರಿಗೆ ಮಾಡಿಸಿದ ಕಡೆ ಯಾರೂ ಆ ರಕ್ತ ಪರೀಕ್ಷೆ ಮಾಡಿರಲಿಲ್ಲ. ಈಗ ಅದನ್ನು ಹೇಳಿ ಏನೂ ಪ್ರಯೋಜನವಿಲ್ಲ, ಬಿಡಿ.

ಮಗುವಿನ ರಕ್ತದ ಹನಿಗಳನ್ನು ಒಂದು ಕಾಗದದ ಮೇಲೆ ಇಳಿಸಿಕೊಂಡರು. 18 ತಿಂಗಳೊಳಗಿನ ಮಕ್ಕಳಲ್ಲಿ ತಾಯಿಯ ರಕ್ತದ ಗುರುತು ಉಳಿದಿರುತ್ತದಂತೆ, ಹಾಗಾಗಿ ಮಾಮೂಲಿ ಪರೀಕ್ಷೆ ನಡೆಯುವುದಿಲ್ಲ ಅಂದರು. ಪಾಸಿಟಿವ್ ಬಂತು. 14 ತಿಂಗಳಿಗೆ ಎಆರ್‌ಟಿ, ಅಂದರೆ ಎಚ್‌ಐವಿ ಹತೋಟಿಯಲ್ಲಿಡುವ ಔಷಧ, ಶುರು ಮಾಡಿದಾಗ ಅವಳ ತೂಕ 6 ಕೆಜಿ 800 ಗ್ರಾಂ. ನಮ್ಮ ಹೊಲಿಗೆ ಬಟ್ಟೆಯ ಗಂಟು ಅದಕ್ಕಿಂತ ಭಾರ ಇರುತ್ತಿತ್ತು.

ಆಗ ಲೊಪಿನಾವಿರ್ ಸಿರಪ್ ಕೊಟ್ಟಿದ್ದರು. ಅದರ ಕಹಿ ನೆನೆಸಿಕೊಂಡರೆ ಈಗಲೂ ನನಗೇ ಬಾಯಿ ತಿರುಗುತ್ತದೆ. ಬೆರಳಲ್ಲಿ ಮುಟ್ಟಿ ನೆಕ್ಕಿ ನೋಡಿದ್ದೆ. ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬೇಸಿಗೆಯಲ್ಲಿ ಹಸಿ ಬಟ್ಟೆ ಸುತ್ತಿ ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದೆ. ಕುಡಿಸಿದ ಮೇಲೆ ನಾಲಿಗೆಗೆ ಶೇಂಗಾ ಬೆಲ್ಲ ಸವರಬೇಕು, ಇಲ್ಲ ಅಂದ್ರೆ ಅಷ್ಟೂ ವಾಂತಿ. ನಾಲ್ಕೂವರೆ ವರ್ಷಕ್ಕೆ ಮಾತ್ರೆ ನುಂಗುವುದು ಕಲಿಸಿದೆ. ಮೊದಲು ಸಾಬುದಾಣಿ ಕಾಳು, ಆಮೇಲೆ ಕುಸುರೆಳ್ಳು, ಆಮೇಲೆ ಮಾತ್ರೆ. ಹದಿನೈದು ದಿನ ಬೇಕಾಯಿತು.

ಇತ್ತೀಚಿನವರೆಗೆ ಇದ್ದಿದ್ದು ಹೀಗೆ: ಅಬಾಕವಿರ್-ಲ್ಯಾಮಿವುಡಿನ್ ಸೇರಿದ ಚಿಕ್ಕ ಮಾತ್ರೆ ಎರಡೂವರೆ, ಲೊಪಿನಾವಿರ್-ರಿಟೊನಾವಿರ್ ಎರಡು. ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ದಿನಕ್ಕೆ ಒಂಬತ್ತು. ಆ ಅರ್ಧ ಮಾತ್ರೆಯನ್ನು ನಾನು ಹೊಲಿಗೆ ಬಿಚ್ಚುವ ಬ್ಲೇಡಿನಲ್ಲೇ ಕತ್ತರಿಸುತ್ತೇನೆ. ಆರು ವರ್ಷದಲ್ಲಿ ತಪ್ಪಿದ ಹೊತ್ತುಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ರಿಪೋರ್ಟು ಮೂರು ವರ್ಷದಿಂದ 'ನಾಟ್ ಡಿಟೆಕ್ಟೆಡ್', ಅಂದರೆ ಕಾಣಿಸುತ್ತಿಲ್ಲ.

ಹೋದ ಮಂಗಳವಾರ ತೂಕ ನೋಡಿದರು. 20 ಕೆಜಿ 400 ಗ್ರಾಂ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಬಸ್ ಸ್ಟ್ಯಾಂಡಿನಲ್ಲಿ ಗಿರಮಿಟ್ ಕೊಡಿಸಬೇಕು ಅಂತ ಅಲ್ಲೇ ಅಂದುಕೊಂಡೆ. ಆದರೆ ಡಾಕ್ಟರು ಪುಸ್ತಕ ತೆಗೆದು ಲೊಪಿನಾವಿರ್ ಮೇಲೆ ಗೀಟು ಹೊಡೆದು, ಡೊಲುಟೆಗ್ರಾವಿರ್ 50 ಅಂತ ಬರೆದುಬಿಟ್ಟರು. ಇನ್ನು ಮುಂದೆ ರಾತ್ರಿ ಒಂದೇ ಹೊತ್ತು, ನಾಲ್ಕು ಮಾತ್ರೆ. ಅವತ್ತು ತುಂಬಾ ಜನ ಇದ್ದರು. ಯಾಕೆ ಅಂತ ಕೇಳಿದೆ, 'ಒಳ್ಳೇದಮ್ಮ, ಕೊಡಿ' ಅಂದರು. ಸಾಲಿನಲ್ಲಿ ನನ್ನ ಹಿಂದೆ ಇದ್ದ ಹೆಂಗಸು ಬಾಟಲಿ ನೋಡಿ, 'ಇದು ನಾನು ತಗೊಳ್ಳೋ ಮಾತ್ರೆ, ಇಷ್ಟು ಸಣ್ಣ ಕೂಸಿಗೆ ಯಾಕ ಕೊಟ್ರು?' ಅಂದಳು. ನಿದ್ದೆ ಬರಲ್ಲ, ಮೈ ಬರುತ್ತೆ, ಶುಗರ್ ಬರುತ್ತೆ ಅಂತಲೂ ಸೇರಿಸಿದಳು.

ಬಾಟಲಿ ಒಡೆಯದೆ ಇಟ್ಟಿದ್ದೇನೆ. ಹಳೇ ಮಾತ್ರೆ ಎಂಟು ದಿನಕ್ಕೆ ಉಳಿದಿದೆ, ಅದನ್ನೇ ಕೊಡುತ್ತಿದ್ದೇನೆ. ಚೆನ್ನಾಗಿ ನಡೆಯುತ್ತಿದ್ದುದನ್ನು ಯಾಕೆ ಕೆದಕಬೇಕು? ದೊಡ್ಡವರ 50 ಮಿಲಿಗ್ರಾಂ ಇವಳಿಗೆ ಜಾಸ್ತಿ ಆಗಲ್ವಾ?

ಇನ್ನೊಂದು ವಿಷಯ. ಇದಕ್ಕೇ ನಿದ್ದೆ ಬರುತ್ತಿಲ್ಲ ಅನ್ನಿ. ಓಣಿಯಲ್ಲಿ, ಶಾಲೆಯಲ್ಲಿ, ಇವಳಿಗೂ ನಾನು ಹೇಳಿರುವುದು 'ಉಬ್ಬಸದ ಮಾತ್ರೆ' ಅಂತ. ಮೊನ್ನೆ ಹೊಸ ಬಾಟಲಿ ನೋಡಿ ಕೇಳಿದಳು: 'ಚಿಗವ್ವ, ನನಗ ಉಬ್ಬಸ ಎಲ್ಲೈತಿ? ಓಟದಾಗ ನಾನ ಫಸ್ಟ್ ಬಂದೀನಲ್ಲ.' ಸೂಜಿಗೆ ದಾರ ಪೋಣಿಸುವ ನೆಪ ಮಾಡಿ ತಲೆ ತಗ್ಗಿಸಿದೆ.

---

ಹಸಿರುಬೇರು

ಮೂರು ವರ್ಷದಿಂದ ನಾಟ್ ಡಿಟೆಕ್ಟೆಡ್ ಅಂದರೆ ವಾಸಿಯಾಗಿದೆ ಅಂತಲೇ ಅರ್ಥ ಅಲ್ವಾ? ಇಂಗ್ಲಿಷ್ ಮಾತ್ರೆ ಲಿವರ್ ಹಾಳು ಮಾಡುತ್ತದೆ. ನಿಧಾನಕ್ಕೆ ನಿಲ್ಲಿಸಿ, ಅಮೃತಬಳ್ಳಿ ಕಷಾಯ ಶುರು ಮಾಡಿ. ನಮ್ಮ ಕಡೆ ಒಬ್ಬರು ಕೊಡುತ್ತಾರೆ, ಬೇಕಾದರೆ ಮೆಸೇಜ್ ಮಾಡಿ.

---

ಮೂರನೇಟೇಬಲ್

ಮೊದಲು ಮೇಲಿನವರಿಗೆ ಒಂದು ಮಾತು. ಸ್ವಾಮಿ, ದಯವಿಟ್ಟು ಇಲ್ಲಿ ಇಂಥದ್ದು ಬರೆಯಬೇಡಿ. 2010ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಒಂದು ಮಗು ಹುಟ್ಟಿತು. ಹುಟ್ಟಿ 30 ಗಂಟೆಗೆ ಮೂರು ಔಷಧ ಶುರು ಮಾಡಿದರು. ಒಂದೂವರೆ ವರ್ಷದ ಹೊತ್ತಿಗೆ ಮನೆಯವರು ಕೊಡುವುದನ್ನು ನಿಲ್ಲಿಸಿಬಿಟ್ಟರು. ಆದರೂ ರಕ್ತದಲ್ಲಿ ವೈರಸ್ ಕಾಣಲಿಲ್ಲ. 2013ರಲ್ಲಿ ಮಗು ಗುಣವಾಯಿತು ಅಂತ ಪ್ರಪಂಚವೆಲ್ಲ ಸುದ್ದಿ. 2014ರ ಜುಲೈನಲ್ಲಿ ವೈರಸ್ ಮತ್ತೆ ಬಂತು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಎಲ್ಲೋ ಕೆಲವು ಜೀವಕೋಶಗಳಲ್ಲಿ ಅಡಗಿ ಕೂತಿತ್ತು. ಅಷ್ಟು ಬೇಗ ಮದ್ದು ಸಿಕ್ಕ ಮಗುವಿನ ಕತೆಯೇ ಹೀಗೆ. ಕಾಣಿಸುತ್ತಿಲ್ಲ ಅನ್ನುವುದು ಬೇರೆ, ಇಲ್ಲ ಅನ್ನುವುದು ಬೇರೆ.

ಈಗ ತಂಗಿ, ನಿಮಗೆ. ನಾನು ಹನ್ನೆರಡು ವರ್ಷ ಎಆರ್‌ಟಿ ಕೇಂದ್ರದಲ್ಲಿ ಕೌನ್ಸೆಲರ್ ಆಗಿದ್ದೆ, ಬಾಗಿಲಿಂದ ಮೂರನೇ ಟೇಬಲ್. ಡಾಕ್ಟರ್ ಅಲ್ಲ. ಆದರೆ ನೀವು ಕೇಳಿದ್ದನ್ನು ನೂರಾರು ತಾಯಂದಿರು ನನ್ನ ಮುಂದೆ ಕೂತು ಕೇಳಿದ್ದಾರೆ.

50 ಮಿಲಿಗ್ರಾಂ ಜಾಸ್ತಿ ಅಲ್ಲ. ಮಕ್ಕಳ ಎಆರ್‌ಟಿಯಲ್ಲಿ ವಯಸ್ಸಿಗಿಂತ ತೂಕಕ್ಕೆ ಬೆಲೆ. 20 ಕೆಜಿ ದಾಟಿದ ಮಕ್ಕಳಿಗೆ ಡೊಲುಟೆಗ್ರಾವಿರ್ ಪ್ರಮಾಣ ದೊಡ್ಡವರದ್ದೇ, ದಿನಕ್ಕೊಂದು 50. ಅದಕ್ಕಿಂತ ಕಡಿಮೆ ತೂಕದ ಮಕ್ಕಳಿಗೆ ನೀರಲ್ಲಿ ಕರಗುವ 10 ಮಿಲಿಗ್ರಾಂ ಮಾತ್ರೆ ಬೇರೆ ಇದೆ. ಆ ಹೆಂಗಸಿನ ಮಾತಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ಗೊತ್ತಿಲ್ಲ. ಮೈ ಬರುವುದು, ಶುಗರ್ ಏರುವುದು ಕೆಲವು ದೊಡ್ಡವರಲ್ಲಿ ಕಂಡಿದೆ, ಅದಕ್ಕೇ ತೂಕ, ರಕ್ತ ನೋಡುತ್ತಿರುತ್ತಾರೆ. ಕೆಲವರಿಗೆ ನಿದ್ದೆ ಕೆಡುತ್ತದೆ, ತಲೆ ನೋಯುತ್ತದೆ. ಹಾಗಾದರೆ ಡಾಕ್ಟರಿಗೆ ಹೇಳಿ ರಾತ್ರಿಯದ್ದನ್ನು ಬೆಳಗ್ಗೆಗೆ ತರಬಹುದು.

ಯಾಕೆ ಕೆದಕಬೇಕು ಅಂದಿರಲ್ಲ. ಒಡೆಸ್ಸಿ ಅಂತ ಒಂದು ದೊಡ್ಡ ಅಧ್ಯಯನ ನಡೆಯಿತು. ಆಫ್ರಿಕಾ, ಥಾಯ್ಲೆಂಡ್, ಯುರೋಪಿನ 700ಕ್ಕೂ ಹೆಚ್ಚು ಮಕ್ಕಳು. ಎರಡು ವರ್ಷದ ಹತ್ತಿರ ನೋಡಿದರೆ ಡೊಲುಟೆಗ್ರಾವಿರ್ ತೆಗೆದುಕೊಂಡವರಲ್ಲಿ ಶೇಕಡ 14 ಮಕ್ಕಳಿಗೆ ಚಿಕಿತ್ಸೆ ಕೈಕೊಟ್ಟಿತ್ತು, ಹಳೇ ಔಷಧಗಳಲ್ಲಿ ಶೇಕಡ 22. 2021ರಲ್ಲಿ ಪ್ರಕಟವಾಯಿತು. ಅಂದರೆ ನಿಮ್ಮ ಹಳೇ ಮಾತ್ರೆ ಸೋತಿದೆ ಅಂತ ಬದಲಾಯಿಸಿದ್ದಲ್ಲ.

ನೀವು ಹೊಲಿಯುವವರು, ನಿಮಗೆ ಹೀಗೆ ಹೇಳುತ್ತೇನೆ. ವೈರಸ್ ನಮ್ಮ ಜೀವಕೋಶದೊಳಗೆ ಬಂದು ಮೂರು ಕೆಲಸ ಮಾಡುತ್ತದೆ. ಮೊದಲು ತನ್ನ ಅಳತೆಯನ್ನು ನಮ್ಮ ಜೀವಕೋಶಕ್ಕೆ ತಿಳಿಯುವ ಹಾಗೆ ನಕಲು ಮಾಡುತ್ತದೆ. ಆಮೇಲೆ ಆ ಪಟ್ಟಿಯನ್ನು ನಮ್ಮ ಬಟ್ಟೆಗೇ ಸೇರಿಸಿ ಹೊಲಿದುಬಿಡುತ್ತದೆ. ಕೊನೆಗೆ ಉದ್ದ ತುಂಡು ಬಂದಾಗ ಕತ್ತರಿಸಿ ಹೊಸ ವೈರಸ್ ಜೋಡಿಸುತ್ತದೆ. ಅಬಾಕವಿರ್, ಲ್ಯಾಮಿವುಡಿನ್ ಎರಡೂ ಮೊದಲನೇ ಕೆಲಸದಲ್ಲಿ ದಾರ ಕಡಿಯುತ್ತವೆ. ಇಷ್ಟು ದಿನ ಲೊಪಿನಾವಿರ್ ಕತ್ತರಿ ಕಿತ್ತುಕೊಂಡಿತ್ತು. ಈಗ ಡೊಲುಟೆಗ್ರಾವಿರ್ ಸೂಜಿ ಕಿತ್ತುಕೊಳ್ಳುತ್ತದೆ. ಒಂದೇ ಔಷಧ ಕೊಟ್ಟರೆ ವೈರಸ್ ಬೇಗ ಅದಕ್ಕೆ ದಾರಿ ಕಂಡುಕೊಳ್ಳುತ್ತದೆ. ಮೂರಕ್ಕೂ ಒಟ್ಟಿಗೆ ದಾರಿ ಹುಡುಕುವುದು ಅದಕ್ಕೆ ಕಷ್ಟ. ಅದಕ್ಕೇ ಯಾವುದೋ ಒಂದು ಬಾಟಲಿ ಖಾಲಿಯಾಯಿತು ಅಂತ ಉಳಿದಿದ್ದನ್ನು ಮಾತ್ರ ಕೊಡುವುದು ತಪ್ಪು.

ಒಂದು ಎಚ್ಚರಿಕೆ. ಡೊಲುಟೆಗ್ರಾವಿರ್‌ಗೂ ಕಬ್ಬಿಣ, ಸುಣ್ಣದಂಶದ ಮಾತ್ರೆಗಳಿಗೂ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮೈಗೆ ಹತ್ತುವುದಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದು ಮಧ್ಯಾಹ್ನ ಊಟವಾದ ಮೇಲೆ. ಡೊಲುಟೆಗ್ರಾವಿರ್ ಅದಕ್ಕಿಂತ ಎರಡು ಗಂಟೆ ಮುಂಚೆ ಆಗಬೇಕು, ಇಲ್ಲ ಆರು ಗಂಟೆ ಆದ ಮೇಲೆ. ಒಂದೂವರೆಗೆ ಅದು, ರಾತ್ರಿ ಎಂಟೂವರೆಗೆ ಇದು. ಏಳು ಗಂಟೆ ಅಂತರ ಸಿಕ್ಕಿತು, ಶಾಲೆಯವರಿಗೆ ಏನೂ ಹೇಳಬೇಕಾಗಿಲ್ಲ. ಕ್ಷೀರಭಾಗ್ಯದ ಹಾಲು, ರಾಗಿ ಮಾಲ್ಟ್ ಬೆಳಗ್ಗೆ ಕುಡಿಯಲಿ. ಅದು ಆಹಾರ, ಚಿಂತೆ ಬೇಡ. ಗ್ಯಾಸಿನ ಔಷಧ, ಟಾನಿಕ್ ಅಂತ ಅಂಗಡಿಯಿಂದ ತಂದು ಕೊಡುವ ಮುಂಚೆ ಮಾತ್ರ ಕೇಳಿ. ಮುಂದೆ ಎಂದಾದರೂ ಟಿಬಿ ಮಾತ್ರೆ ಬರೆದರೆ ಎಆರ್‌ಟಿ ಡಾಕ್ಟರಿಗೆ ತಕ್ಷಣ ತಿಳಿಸಬೇಕು. ಅದರಲ್ಲಿ ರಿಫಾಂಪಿಸಿನ್ ಅನ್ನುವ ಔಷಧ ಇದ್ದಾಗ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ.

ಬಾಟಲಿಯಿಂದ ಮಾತ್ರೆ ತೆಗೆದು ಸಾಸಿವೆ ಡಬ್ಬಿಗೆ ಹಾಕುವ ಅಭ್ಯಾಸ ಇದ್ದರೆ ಬಿಡಿ. ತುಂಬಾ ಜನ ಮಾಡುತ್ತಾರೆ, ಅದಕ್ಕೇ ಹೇಳಿದೆ. ತೇವ ತಾಕಿದರೆ ಕರಗುವ ಮಾತ್ರೆ ಹಾಳು.

ಉಬ್ಬಸದ ವಿಷಯಕ್ಕೆ ಇನ್ನೊಬ್ಬರು ಉತ್ತರ ಕೊಟ್ಟರೆ ಒಳ್ಳೇದು. ಅವರಿಗೆ ಲಿಂಕ್ ಕಳಿಸಿದ್ದೇನೆ.

---

ಹಳದಿಕಣ್ಣು

ಮೇಡಂ ಹೇಳಿದ ಇನ್ನೊಬ್ಬ ನಾನೇ.

ಅಕ್ಕಾ, ನಾನು 2000ರಲ್ಲಿ ಹುಟ್ಟಿದವನು. 2006ರ ಕೊನೆಗೆ ಸರ್ಕಾರ ಮಕ್ಕಳಿಗೆ ಉಚಿತ ಎಆರ್‌ಟಿ ಶುರು ಮಾಡಿತು. ಮುಂದಿನ ವರ್ಷ ನನ್ನ ಹೆಸರು ಬಂತು. ನಿಮ್ಮ ಮಗಳ ವಯಸ್ಸೇ ಆಗ. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್, ಮೂರೂ ಒಂದೇ ಮಾತ್ರೆಯಲ್ಲಿ. ಜೀವ ಉಳಿಸಿದ್ದು ಅದೇ. ಆದರೆ ಸ್ಟಾವುಡಿನ್ ನನ್ನ ಕೆನ್ನೆ ತಿಂದುಹಾಕಿತು. ನಾಲ್ಕನೇ ಕ್ಲಾಸಿನ ಫೋಟೋದಲ್ಲಿ ಮುದುಕನ ಮುಖ. ಆಮೇಲೆ ಆ ಔಷಧವನ್ನೇ ಎಲ್ಲ ಕಡೆ ಬಿಟ್ಟರು, ನನಗೂ ಜಿಡೊವುಡಿನ್‌ಗೆ ಬದಲಾಯಿಸಿದರು. ಮಾತ್ರೆ ಬದಲಾಯಿತು ಅಂತ ಹೆದರುವವರನ್ನು ಕಂಡಾಗ ನನಗೆ ಆ ಫೋಟೋ ತೋರಿಸಬೇಕು ಅನ್ನಿಸುತ್ತದೆ. ನಿಮಗೂ ಅಷ್ಟೇ ಹೇಳುವುದು. ಹೊಸದು ಕೊಡಿ.

ಇನ್ನು ಆ ಮಾತು. ನನ್ನನ್ನು ಸಾಕಿದ್ದು ಅಜ್ಜ. ಅವರು ನನಗೆ ಹೇಳಿದ್ದು 'ರಕ್ತ ಕಡಿಮೆ ಇದೆ, ಅದಕ್ಕೆ ಮಾತ್ರೆ' ಅಂತ. ಹದಿಮೂರು ವರ್ಷದವರೆಗೆ ನಂಬಿದ್ದೆ. ಒಂದು ದಿನ ಆಸ್ಪತ್ರೆ ಸಾಲಿನಲ್ಲಿ ಕೂತಿದ್ದೆವು. ಅಜ್ಜ ಚೀಟಿ ಮಾಡಿಸಲು ಹೋದರು. ಎದುರಿನ ಗೋಡೆಯಲ್ಲಿ ಕೆಂಪು ರಿಬ್ಬನ್ನಿನ ಪೋಸ್ಟರು, ಕನ್ನಡದಲ್ಲಿ ದೊಡ್ಡದಾಗಿ ಬರೆದಿತ್ತು. ಅದೇ ಪೋಸ್ಟರನ್ನು ಆರು ವರ್ಷ ನೋಡಿದ್ದೆ. ಅವತ್ತು ಓದಿದೆ. ನನ್ನ ಮಾತ್ರೆಗಳ ಹೆಸರು ಅದರಲ್ಲಿತ್ತು.

ಅಜ್ಜನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕಾಯಿಲೆ ಇದೆ ಅಂತ ಬಂದ ಸಿಟ್ಟು ಒಂದು ವಾರಕ್ಕೆ ಇಳಿಯಿತು. ಅಜ್ಜ ಸುಳ್ಳು ಹೇಳಿದರು ಅನ್ನುವುದು ಮೂರು ವರ್ಷ ಒಳಗೇ ಕೂತಿತ್ತು. ಪಿಯುಸಿಗೆ ಹಾಸ್ಟೆಲ್ ಸೇರಿದೆ. ಎಂಟು ಜನರ ಕೋಣೆ, ಟ್ರಂಕಿಗೆ ಬೀಗ ಇಲ್ಲ. ಮಾತ್ರೆ ನುಂಗಲು ಬಾತ್‌ರೂಮಿಗೆ ಹೋಗಬೇಕು. ಮೊದಲು ರಾತ್ರಿಯದ್ದು ಬಿಟ್ಟೆ. ಆಮೇಲೆ ಎಲ್ಲವನ್ನೂ ಬಿಟ್ಟೆ, ನಾಲ್ಕು ತಿಂಗಳು. ತಿಂಗಳಿಗೊಮ್ಮೆ ಹೋಗಿ ಬಾಟಲಿ ತರುತ್ತಿದ್ದೆ, ಎಣಿಸಿದಾಗ ಸರಿ ಇರಲಿ ಅಂತ ಉಳಿದಿದ್ದನ್ನು ಮೋರಿಗೆ ಹಾಕುತ್ತಿದ್ದೆ. ನೆವಿರಪಿನ್ ಇಂಥದ್ದನ್ನು ತಡೆದುಕೊಳ್ಳುವ ಔಷಧವೇ ಅಲ್ಲ. ವೈರಸ್ ಅದಕ್ಕೆ ಬಗ್ಗದ ಹಾಗೆ ಆಗಿಬಿಟ್ಟಿತು. ಮೊದಲ ಔಷಧಗಳು ಸೋತಾಗ ಕೊಡುವ ಎರಡನೇ ಸಾಲಿನ ಚಿಕಿತ್ಸೆಗೆ ಹಾಕಿದರು, ಅಟಾಜನಾವಿರ್ ಇದ್ದದ್ದು. ಅದರಿಂದ ಕೆಲವರಿಗೆ ಕಣ್ಣು ಹಳದಿಯಾಗುತ್ತದೆ, ಅಪಾಯವಿಲ್ಲ. ಆದರೆ ಕೋಣೆಯ ಏಳು ಜನರೂ 'ಲೇ, ನಿನಗೆ ಕಾಮಾಲೆ' ಅಂತ ಸೊಪ್ಪಿನ ಔಷಧಿ ಕೊಡಿಸಲು ಎಳೆದುಕೊಂಡು ಹೋಗುವುದರಲ್ಲಿದ್ದರು. ನಗು ಬರುತ್ತದೆ ಈಗ. ಆವಾಗ ಬಂದಿರಲಿಲ್ಲ.

ಈಗ ರಾತ್ರಿ ಒಂದೇ ಒಂದು ಮಾತ್ರೆ. ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ನಿಮ್ಮ ಮಗಳೂ ಹತ್ತು ವರ್ಷ, 30 ಕೆಜಿ ದಾಟಿದರೆ ಇದಕ್ಕೇ ಬರುತ್ತಾಳೆ.

ನಿಮ್ಮ ಮಗಳು ಬಾಯಿ ಬಿಟ್ಟು ಕೇಳಿದ್ದಾಳೆ ಅಕ್ಕಾ. ಅದು ನಿಮ್ಮ ಪುಣ್ಯ. ಇವತ್ತೇ ಆ ಮೂರಕ್ಷರ ಹೇಳಬೇಕಾಗಿಲ್ಲ. ಏಳು ವರ್ಷಕ್ಕೆ ಅಷ್ಟು ಬೇಡ, ಮುಂದಿನ ನಾಲ್ಕೈದು ವರ್ಷದಲ್ಲಿ ಹಂತ ಹಂತವಾಗಿ ಹೇಳುವುದು. ಆದರೆ ಸುಳ್ಳನ್ನು ಇವತ್ತು ತೆಗೆದುಬಿಡಿ. 'ನಿನಗೆ ಉಬ್ಬಸ ಇಲ್ಲ, ನಾನು ತಪ್ಪು ಹೇಳಿದ್ದೆ. ನಿನ್ನ ರಕ್ತದಲ್ಲಿ ಒಂದು ಹುಳ ಇದೆ, ಮಾತ್ರೆ ಅದನ್ನು ಮಲಗಿಸುತ್ತದೆ. ಮಾತ್ರೆ ಬಿಟ್ಟರೆ ಅದು ಏಳುತ್ತದೆ. ನೀನು ಓಟದಲ್ಲಿ ಫಸ್ಟ್ ಬಂದಿದ್ದು ಅದು ಮಲಗಿದೆ ಅಂತಲೇ.' ಇಷ್ಟು ಹೇಳಿದರೆ ಮುಂದೆ ಹೆಸರು ಸೇರಿಸುವುದೊಂದೇ ಬಾಕಿ ಇರುತ್ತದೆ. ಯಾವುದನ್ನೂ ಹಿಂದೆ ತೆಗೆದುಕೊಳ್ಳಬೇಕಾಗಿಲ್ಲ.

---

ಹೊಲಿಗೆಮಷಿನ್

ಇಬ್ಬರಿಗೂ ಏನು ಹೇಳಲಿ. ಮೇಡಂ, ಕತ್ತರಿ ಸೂಜಿ ಲೆಕ್ಕ ತಲೆಯಲ್ಲಿ ಕೂತಿತು. ತಮ್ಮಾ, ನಿನ್ನದು ಓದಿ ಮಷಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಒಂದು ಅನುಮಾನ. ಅವಳಿಗೆ ಹುಳದ ಮಾತು ಹೇಳಿದರೆ ಶಾಲೆಯಲ್ಲಿ ಬಾಯಿ ಬಿಟ್ಟುಬಿಟ್ಟರೆ? ಊರು ಸಣ್ಣದು.

---

ಮೂರನೇಟೇಬಲ್

ಮನೆಯ ಮಾತು, ಮನೆಯಲ್ಲೇ ಇರಲಿ ಅಂತ ಜೊತೆಗೇ ಹೇಳಿ. ನಾಚಿಕೆಯ ವಿಷಯ ಅನ್ನುವ ಧ್ವನಿಯಲ್ಲಿ ಬೇಡ. ಮನೆಯಲ್ಲಿ ದುಡ್ಡು ಎಲ್ಲಿಡುತ್ತೇವೆ ಅಂತ ಹೊರಗೆ ಹೇಳಲ್ಲವಲ್ಲ, ಹಾಗೆ. ಮಕ್ಕಳು ನಾವು ಅಂದುಕೊಂಡಿದ್ದಕ್ಕಿಂತ ಗಟ್ಟಿ.

ಒಂದು ವೇಳೆ ಬಾಯಿ ಬಿಟ್ಟರೂ ಶಾಲೆಯವರು ಹೊರಗೆ ಹಾಕುವ ಹಾಗಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಶಾಲೆಗೆ ಸೇರಿಸಿಕೊಳ್ಳಲ್ಲ ಅನ್ನುವುದು, ಬೇರೆ ಕೂರಿಸುವುದು, ಎರಡೂ ಕಾನೂನಿಗೆ ವಿರುದ್ಧ. ಶಾಲೆಗೆ ನೀವಾಗಿ ತಿಳಿಸಬೇಕು ಅಂತ ಕೂಡ ಇಲ್ಲ. ಕಾನೂನು ಇದ್ದ ಮಾತ್ರಕ್ಕೆ ಓಣಿಯ ಬಾಯಿ ಮುಚ್ಚುವುದಿಲ್ಲ, ಅದು ನನಗೂ ಗೊತ್ತು. ಏನಾದರೂ ಆದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಒಮ್ಮೆ ಹೋಗಿ ಬನ್ನಿ. ಇಂಥ ಮಕ್ಕಳಿಗೆ ತಿಂಗಳ ಸಹಾಯಧನ ಇದೆ. ಬಸ್ಸಿಗಂತೂ ಈಗ ನಿಮ್ಮ ಖರ್ಚಿಲ್ಲ.

---

ಹೊಲಿಗೆಮಷಿನ್

ಹನ್ನೊಂದು ದಿನ ಆಯಿತು, ಬರೆಯಬೇಕು ಅನ್ನಿಸಿತು.

ಭಾನುವಾರ ರಾತ್ರಿ ಹೊಸ ಬಾಟಲಿ ಒಡೆದೆ. ಅವಳನ್ನೇ ಎದುರಿಗೆ ಕೂರಿಸಿಕೊಂಡೆ. ಉಬ್ಬಸ ಇಲ್ಲ, ನಾನು ತಪ್ಪು ಹೇಳಿದ್ದೆ ಅಂದೆ. ತಮ್ಮ ಹೇಳಿದ್ದನ್ನೇ ಹೇಳಿದೆ, ಹುಳದ ಮಾತು. ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, 'ಅವ್ವಗೂ ಇತ್ತೇನು?' ಅಂದಳು. ಈ ಪ್ರಶ್ನೆ ಬರುತ್ತದೆ ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ಹೌದು ಅಂದೆ. 'ಅವ್ವಗ ಮಾತ್ರಿ ಸಿಗಲಿಲ್ಲೇನು?' ಅಂದಳು. ತಡ ಆಯಿತು, ಅಂದೆ. ನಾಲ್ಕು ಮಾತ್ರೆ ತಾನೇ ಎಣಿಸಿ ತೆಗೆದುಕೊಂಡಳು. ಕರಗುವ ಅಬಾಕವಿರ್-ಲ್ಯಾಮಿವುಡಿನ್ ಮೂರನ್ನು ಚಮಚದಲ್ಲಿ ನೀರು ಹಾಕಿ ತಾನೇ ಕಲಸಿದಳು, ಡೊಲುಟೆಗ್ರಾವಿರ್ ಗಟಕ್ಕನೆ ನುಂಗಿದಳು.

ಈಗ ದಿನಾ ಎಂಟೂವರೆಗೆ ನನ್ನನ್ನೇ ಎಬ್ಬಿಸುತ್ತಾಳೆ, ಹೊಲಿಗೆ ನಿಲ್ಲಿಸು ಅಂತ. ಮೂರ್ನಾಲ್ಕು ರಾತ್ರಿ ನಿದ್ದೆ ತಡವಾಗಿ ಬಂತು, ಹನ್ನೊಂದರವರೆಗೆ ಹೊರಳಾಡಿದಳು. ಈಗ ಪರವಾಗಿಲ್ಲ. ಬೆಳಗ್ಗೆ ಮಾತ್ರೆ ಇಲ್ಲ ಅಂತ ಮೊದಲೆರಡು ದಿನ ನನಗೇ ಕೈ ಕಟ್ಟಿಹಾಕಿದ ಹಾಗೆ ಇತ್ತು.

ಹಳೇ ಲೊಪಿನಾವಿರ್ ಒಂದಿಷ್ಟು ಉಳಿದಿದೆ. ಹೊಸದರ ಜೊತೆ ಮುಗಿಸಿಬಿಡಬಹುದಾ, ಸುಮ್ನೆ ಹಾಳಾಗುತ್ತಲ್ಲ?

---

ಮೂರನೇಟೇಬಲ್

ಬೇಡವೇ ಬೇಡ. ಬಾಟಲಿ ಸಮೇತ ಮುಂದಿನ ಸಲ ಕೇಂದ್ರಕ್ಕೆ ವಾಪಸ್ ಒಯ್ದುಕೊಡಿ. ಮನೆಯಲ್ಲಿ ಎರಡು ಥರದ ಮಾತ್ರೆ ಇದ್ದರೆ ಒಂದಲ್ಲ ಒಂದು ದಿನ ಕೈ ತಪ್ಪುತ್ತದೆ. ಮುಂದಿನ ವೈರಲ್ ಲೋಡ್ ಯಾವಾಗ ಅಂತ ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿ. ಮತ್ತೆ ನಿದ್ದೆ ಕೆಟ್ಟರೆ ಕಾಯಬೇಡಿ, ಆವತ್ತೇ ಫೋನ್ ಮಾಡಿ.

---

ಹಳದಿಕಣ್ಣು

ಗಿರಮಿಟ್ ಕೊಡಿಸಿದ್ರಾ ಇಲ್ವಾ ಅಕ್ಕಾ?

---

ಹೊಲಿಗೆಮಷಿನ್

ಅವತ್ತು ಗಾಬರಿಯಲ್ಲಿ ಮರೆತೇಬಿಟ್ಟಿದ್ದೆ ತಮ್ಮಾ. ಬಾಟಲಿ ವಾಪಸ್ ಕೊಡಲು ಹೋದಾಗ ಕೊಡಿಸುತ್ತೇನೆ.